ಯಾವ ಪುಸ್ತಕದ ಪ್ರಕಾರ?

ಮಕ್ಕಳು ಕಥೆಪುಸ್ತಕವೊಂದರ ಸಣ್ಣಪುಟ್ಟ ವಿವರಗಳನ್ನೆಲ್ಲ ಕಂಠಪಾಠ ಮಾಡಿಕೊಂಡು, ಅದರ ಮೇಲೆ ಪ್ರಶ್ನೋತ್ತರದ ಪಂದ್ಯ ಹೂಡುವುದನ್ನು ಕಂಡಾಗ ಹಿರಿಯರಾದ ನಾವು ಆಡುವ ಮಾತು ಸಾಮಾನ್ಯವಾಗಿ ಒಂದೇ: “ಇದರಿಂದ ಏನು ಪ್ರಯೋಜನ?” ಮೂರು ದಶಕಗಳಿಗೂ ಹೆಚ್ಚು ಕಾಲ ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಹೇಳಿದ ನನ್ನಂಥವನೂ ಇದೇ ಮಾತನ್ನು ಆಡುವನೆಂದು ಓದುಗ ಮಿತ್ರರು ನಿರೀಕ್ಷಿಸಬಹುದು. ಆದರೆ ನನ್ನ ಅಭಿಪ್ರಾಯ ಬೇರೆಯಾಗಿದೆ. ಕಲ್ಪಿತ ಲೋಕವೊಂದರ ಅಭಿಮಾನಿಗಳು ಸ್ನೇಹದಿಂದ ನಡೆಸುವ ಇಂಥ ರಸಪ್ರಶ್ನೆ ಸ್ಪರ್ಧೆಗಳು ನಮ್ಮ ಶಾಲೆಗಳಲ್ಲಿ ಕಲಿಸಲಾಗದ ಒಂದು ಗುಣವನ್ನು ಕಲಿಸುತ್ತವೆ. ಅದು ಜಗಳವಾಡದೆ ವಾದಿಸುವ ಗುಣ. ಅದು ಹೇಗೆಂಬುದನ್ನು ವಿವರಿಸುವುದೇ ಈ ಬರಹದ ಉದ್ದೇಶ.

ಕಳೆದ ಬೇಸಿಗೆಯಲ್ಲಿ ಬೆಂಗಳೂರಿನ ಮಗಳ ಮನೆಗೆ ಹೋಗಿದ್ದಾಗ, ಅವರ ವಸತಿ ಸಮುಚ್ಚಯದ ಸಭಾಂಗಣದಲ್ಲಿ ಹ್ಯಾರಿ ಪಾಟರ್ ಕಥೆಗಳ ಮೇಲೆ ಒಂದು ಸ್ಪರ್ಧೆ ಏರ್ಪಟ್ಟಿತ್ತು. ಮೊಮ್ಮಗಳು ನನ್ನನ್ನೂ ಪ್ರೇಕ್ಷಕನಾಗಿ ಎಳೆದುಕೊಂಡು ಹೋದಳು. ಮೂರು ಮೂರು ಜನರ ತಂಡಗಳು. ಒಂಬತ್ತು ವರ್ಷದ ಹುಡುಗನಿಂದ ಹಿಡಿದು ನಡುವಯಸ್ಸಿನ ತಾಯಂದಿರವರೆಗೆ ಎಲ್ಲರೂ ಇದ್ದರು. ಈ ಸರಣಿಯ ಮೊದಲ ಪುಸ್ತಕ ಇಂಗ್ಲೆಂಡಿನಲ್ಲಿ ಪ್ರಕಟವಾದದ್ದು 1997ರ ಜೂನ್ 26ರಂದು ಎಂದು ಮೊಮ್ಮಗಳು ಹೇಳಿದಾಗ ನನಗೊಂದು ವಿನೋದ ಹೊಳೆಯಿತು. ನಮ್ಮ ದಾವಣಗೆರೆ ಜಿಲ್ಲೆ ಹುಟ್ಟಿದ್ದು ಅದೇ ವರ್ಷದ ಆಗಸ್ಟ್ 15ರಂದು. ಅಲ್ಲಿಯವರೆಗೆ ನಮ್ಮ ಚನ್ನಗಿರಿ ತಾಲ್ಲೂಕು ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಅಂದಮೇಲೆ ನಮ್ಮ ಜಿಲ್ಲೆ ಹ್ಯಾರಿ ಪಾಟರನಿಗಿಂತ ಐವತ್ತು ದಿನ ಚಿಕ್ಕದು! “ಅಜ್ಜಾ, ಇದನ್ನೂ ಒಂದು ಪ್ರಶ್ನೆ ಮಾಡಬಹುದಿತ್ತು” ಎಂದು ಅವಳು ನಕ್ಕಳು.

ಸ್ಪರ್ಧೆ ಅರ್ಧ ಮುಗಿದಾಗ ಒಂದು ತಕರಾರು ಎದ್ದಿತು. ಪ್ರಶ್ನೆ ಹೀಗಿತ್ತು: ನೀರಿನೊಳಗೆ ಉಸಿರಾಡುವ ಶಕ್ತಿ ನೀಡುವ ಗಿಲ್ಲಿವೀಡ್ ಎಂಬ ಸಸ್ಯವನ್ನು ಹ್ಯಾರಿಗೆ ತಂದುಕೊಟ್ಟವರು ಯಾರು? ಒಂದು ತಂಡ ಡಾಬಿ ಎಂದಿತು, ಇನ್ನೊಂದು ತಂಡ ನೆವಿಲ್ ಎಂದಿತು. ಎರಡೂ ಕಡೆಯವರು ತಮ್ಮದೇ ಸರಿಯೆಂದು ಪಟ್ಟು ಹಿಡಿದರು. ಆಗ ಒಬ್ಬ ಹುಡುಗಿ ಮನೆಗೆ ಓಡಿಹೋಗಿ, ಇಟ್ಟಿಗೆಯಷ್ಟು ದಪ್ಪದ ನಾಲ್ಕನೆಯ ಪುಸ್ತಕವನ್ನು ಹೊತ್ತು ತಂದಳು. ಪುಟ ತೆರೆದು ನೋಡಿದರೆ, 2000ದಲ್ಲಿ ಬಂದ ಪುಸ್ತಕದಲ್ಲಿ ಅದನ್ನು ಕೊಡುವವನು ಡಾಬಿ. 2005ರಲ್ಲಿ ಬಂದ ಚಲನಚಿತ್ರದಲ್ಲಿ ಕೊಡುವವನು ನೆವಿಲ್. ಪ್ರಶ್ನೆ ಕೇಳಿದವರು ಪುಸ್ತಕವೋ ಚಿತ್ರವೋ ಎಂದು ಹೇಳಿರಲಿಲ್ಲ. ಆದ್ದರಿಂದ ಇಬ್ಬರಿಗೂ ಅಂಕ ಕೊಟ್ಟು, ಮುಂದಿನ ಪ್ರಶ್ನೆಗಳಿಗೆಲ್ಲ ಪುಸ್ತಕವೇ ಪ್ರಮಾಣ ಎಂದು ನಿಯಮ ಮಾಡಿದರು. ಆ ನಿಯಮವನ್ನು ಮಾಡಿದವರು ಹಿರಿಯರಲ್ಲ, ಮಕ್ಕಳೇ. ಐದು ನಿಮಿಷದ ಹಿಂದೆ ಏರಿದ ದನಿಯಲ್ಲಿ ಮಾತನಾಡುತ್ತಿದ್ದವರು ಒಂದೇ ಪುಸ್ತಕದ ಮೇಲೆ ತಲೆಗೆ ತಲೆ ತಾಗಿಸಿಕೊಂಡು ಓದುತ್ತಿದ್ದರು.

ಈ ದೃಶ್ಯ ನನಗೆ ಬಹಳ ಪ್ರಿಯವಾಯಿತು. ಏಕೆಂದರೆ “ಯಾವ ಪುಸ್ತಕದ ಪ್ರಕಾರ?” ಎಂಬ ಈ ಮರುಪ್ರಶ್ನೆ ಕನ್ನಡ ಸಾಹಿತ್ಯವನ್ನು ಓದುವವರಿಗೆಲ್ಲ ಮೊದಲ ಪಾಠವಾಗಬೇಕಾದದ್ದು. ನಮ್ಮಲ್ಲಿ ಒಂದೇ ಕಥಾಲೋಕವನ್ನು ಸಾವಿರ ವರ್ಷಗಳಿಂದ ಬೇರೆ ಬೇರೆ ಕವಿಗಳು ಬೇರೆ ಬೇರೆಯಾಗಿ ಕಟ್ಟಿದ್ದಾರೆ. ದ್ರೌಪದಿಯ ಪತಿ ಯಾರು ಎಂದು ಕೇಳಿ ನೋಡಿ. ವ್ಯಾಸರ ಪ್ರಕಾರ, ಕುಮಾರವ್ಯಾಸನ ಪ್ರಕಾರ ಪಾಂಡವರು ಐವರೂ ಹೌದು. ಆದರೆ 941ರಲ್ಲಿ ಪಂಪ ರಚಿಸಿದ ವಿಕ್ರಮಾರ್ಜುನ ವಿಜಯದಲ್ಲಿ ಆಕೆ ಅರ್ಜುನನೊಬ್ಬನ ಪತ್ನಿ. ರಾವಣನನ್ನು ಕೊಂದವರು ಯಾರು ಎಂದು ಕೇಳಿ. ವಾಲ್ಮೀಕಿಯಲ್ಲಿ ರಾಮ. ಆದರೆ ಸುಮಾರು 1100ರ ಹೊತ್ತಿನ ನಾಗಚಂದ್ರನ ರಾಮಚಂದ್ರಚರಿತ ಪುರಾಣದಲ್ಲಿ, ಜೈನ ಪರಂಪರೆಯ ಕಥೆಗನುಗುಣವಾಗಿ, ಲಕ್ಷ್ಮಣ. ಸೀತೆಯ ಅಗ್ನಿಪ್ರವೇಶದ ಸಂದರ್ಭದಲ್ಲಿ ಬೆಂಕಿಯನ್ನು ಹೊಕ್ಕವರು ಎಷ್ಟು ಜನ? ಕುವೆಂಪು ಅವರ ಶ್ರೀರಾಮಾಯಣ ದರ್ಶನಂ ಓದಿದವರು ಇಬ್ಬರು ಎನ್ನುತ್ತಾರೆ, ಏಕೆಂದರೆ ಅಲ್ಲಿ ರಾಮನೂ ಬೆಂಕಿಯನ್ನು ಹೊಗುತ್ತಾನೆ. ಭಾರತ ಕಥೆಯ ನಾಯಕ ಯಾರೆಂಬ ಪ್ರಶ್ನೆಗಂತೂ ಕನ್ನಡದೊಳಗೇ ಮೂರು ಉತ್ತರಗಳುಂಟು. ಪಂಪನಿಗೆ ಅರ್ಜುನ, ಗದಾಯುದ್ಧ ಬರೆದ ರನ್ನನಿಗೆ ಭೀಮ, ಕುಮಾರವ್ಯಾಸನಿಗೆ ಕೃಷ್ಣ. ಇಷ್ಟೊಂದು ಸಮೃದ್ಧವಾದ ಆಟದ ಬಯಲು ಹ್ಯಾರಿ ಪಾಟರನ ಅಭಿಮಾನಿಗಳಿಗೆಲ್ಲಿ ಸಿಗಬೇಕು? ಅವರಿಗೆ ಇರುವುದು ಒಂದು ಪುಸ್ತಕಮಾಲೆ, ಒಂದು ಚಿತ್ರಮಾಲೆ. ನಮಗಿರುವುದು ಒಂದು ಸಹಸ್ರಮಾನದ ಕವಿಗಳ ಸಾಲು.

ಇಂಥ ಆಟ ನಮ್ಮ ನೆಲಕ್ಕೆ ಹೊಸತೂ ಅಲ್ಲ. ನಮ್ಮ ಕತ್ತಲಗೆರೆಯ ಸುತ್ತಮುತ್ತ ಯಂತ್ರಗಳು ಬರುವುದಕ್ಕೆ ಮುಂಚೆ ಅಡಿಕೆ ಸುಲಿಯುವ ಕೆಲಸ ರಾತ್ರಿಯೆಲ್ಲ ನಡೆಯುತ್ತಿತ್ತು. ಚಪ್ಪರದ ಕೆಳಗೆ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತ ಹೆಂಗಸರು ನಿದ್ದೆ ಹಾರಿಸಲು ಒಗಟು ಹಾಕುತ್ತಿದ್ದರು. ಒಗಟು ಮುಗಿದರೆ ಪುರಾಣದ ಪ್ರಶ್ನೆಗಳು ಬರುತ್ತಿದ್ದವು. ಕರ್ಣನ ಸಾಕುತಾಯಿ ಯಾರು, ಬಲರಾಮನ ಆಯುಧ ಯಾವುದು, ಅಭಿಮನ್ಯುವಿನ ಹೆಂಡತಿಯ ತವರು ಎಲ್ಲಿ. ಓದುಬರಹ ಬಾರದ ಅವರಲ್ಲಿ ಕೆಲವರಿಗೆ ಬಯಲಾಟ, ಹರಿಕಥೆಗಳಿಂದ ಕಿವಿಗೆ ಬಿದ್ದ ವಿವರಗಳೆಲ್ಲ ಅಂಗೈಯ ಮೇಲಿದ್ದವು. ಸೋತವರಿಗೆ ನಗೆಯೇ ದಂಡ, ಗೆದ್ದವರಿಗೆ ಒಂದು ಸರದಿ ಎಲೆಯಡಿಕೆಯೇ ಬಹುಮಾನ.

ಉತ್ತರ ಕರ್ನಾಟಕದಲ್ಲಿ ಇದೇ ಆಟ ಹಾಡಿನ ರೂಪ ತಾಳಿದೆ. ಗೀಗೀ ಪದಗಳ ಹರದೇಶಿ–ನಾಗೇಶಿ ಮೇಳಗಳಲ್ಲಿ ಒಂದು ಪಕ್ಷ ಗಂಡು ಹೆಚ್ಚು ಎಂದು ಸಾಧಿಸಿದರೆ ಇನ್ನೊಂದು ಪಕ್ಷ ಹೆಣ್ಣು ಹೆಚ್ಚು ಎಂದು ಸಾಧಿಸುತ್ತದೆ. ಒಬ್ಬರು ಪುರಾಣದಿಂದ ಒಂದು ಸವಾಲನ್ನು ಹಾಡಿನಲ್ಲಿ ಒಡ್ಡಿದರೆ ಎದುರಾಳಿಗಳು ಅದಕ್ಕೆ ಹಾಡಿನಲ್ಲೇ ಜವಾಬು ಕೊಡಬೇಕು. ಕರಾವಳಿಯ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತಲ್ಲೇ ಕೃಷ್ಣನಾಗಿ ಕೌರವನಾಗಿ ಆಶುವಾಗಿ ವಾದಿಸುತ್ತಾರೆ. ಕಾಸರಗೋಡಿನ ಕಡೆಯ ಶೇಣಿ ಗೋಪಾಲಕೃಷ್ಣ ಭಟ್ಟರು ಈ ಕಲೆಯಲ್ಲಿ ಪಡೆದ ಕೀರ್ತಿ ಎಲ್ಲರಿಗೂ ತಿಳಿದದ್ದೇ. ಅಲ್ಲಿ ಬೆಳಗಿನ ಜಾವದವರೆಗೆ ಪರಸ್ಪರ ಖಂಡಿಸಿದವರು ಬೆಳಗಾದ ಮೇಲೆ ಒಟ್ಟಿಗೆ ಕುಳಿತು ಕಾಫಿ ಕುಡಿದು ಹೊರಡುತ್ತಾರೆ. ಕಥೆಯ ಲೋಕ ಇಬ್ಬರಿಗೂ ಸಮಾನವಾಗಿ ಪ್ರಿಯವಾಗಿರುವುದರಿಂದಲೇ ಅಂಥ ಹೋರಾಟ ಸಾಧ್ಯವಾಗುತ್ತದೆ.

ಪಶ್ಚಿಮದ ಒಂದು ನಿದರ್ಶನವನ್ನೂ ಹೇಳಬೇಕು. 1857ರ ಕ್ರಿಸ್‌ಮಸ್ ಸಮಯದಲ್ಲಿ ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜಿನ ಕ್ಯಾಲ್ವರ್ಲಿ ಎಂಬ ವಿದ್ವಾಂಸ ಡಿಕನ್ಸನ ಪಿಕ್‌ವಿಕ್ ಪೇಪರ್ಸ್ ಕಾದಂಬರಿಯ ಮೇಲೆ ಒಂದು ಪ್ರಶ್ನಪತ್ರಿಕೆ ರಚಿಸಿದ. ನೋಡಲು ಗಂಭೀರವಾದ ವಿಶ್ವವಿದ್ಯಾಲಯದ ಪರೀಕ್ಷೆಯಂತೆಯೇ ಇದ್ದರೂ ಅದು ಗೆಳೆಯರ ವಿನೋದಕ್ಕಾಗಿ ನಡೆದ ಪಂದ್ಯ. ಬಹುಮಾನ ಅದೇ ಕಾದಂಬರಿಯ ಮೊದಲ ಮುದ್ರಣದ ಪ್ರತಿ. ಪ್ರಥಮ ಸ್ಥಾನ ಪಡೆದ ವಾಲ್ಟರ್ ಬೆಸೆಂಟ್ ಮುಂದೆ ಕಾದಂಬರಿಕಾರನಾದ. ದ್ವಿತೀಯ ಸ್ಥಾನ ಪಡೆದ ಸ್ಕೀಟ್ ಇಂಗ್ಲಿಷ್ ಭಾಷೆಯ ಪ್ರಸಿದ್ಧ ನಿರುಕ್ತಕೋಶವನ್ನು ಸಂಪಾದಿಸಿದ. ಒಂದು ನಗೆಗಾದಂಬರಿಯಲ್ಲಿ ಯಾರು ಯಾವ ಊಟ ಮಾಡಿದರೆಂಬುದನ್ನು ನೆನಪಿಟ್ಟುಕೊಂಡ ಯುವಕನೇ ಮುಂದೆ ಒಂದೊಂದು ಶಬ್ದದ ಬೇರನ್ನೂ ಅಗೆದು ನೋಡಿದ. ಕ್ಷುಲ್ಲಕವೆನ್ನಿಸುವ ವಿವರಕ್ಕೆ ಕೊಡುವ ಗಮನವೂ ಪಾಂಡಿತ್ಯದ ಗಮನವೂ ಮೂಲದಲ್ಲಿ ಒಂದೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ನಮ್ಮ ರಾಜ್ಯದಲ್ಲೂ ರಸಪ್ರಶ್ನೆಗೆ ಗಟ್ಟಿಯಾದ ನೆಲೆಯಿದೆ. ಬೆಂಗಳೂರಿನಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಆರಂಭವಾದದ್ದು 1983ರಲ್ಲಿ. ಆದರೆ ಅಲ್ಲಿಯ ವ್ಯವಹಾರ ಬಹುಮಟ್ಟಿಗೆ ಇಂಗ್ಲಿಷಿನದು. ಹಳ್ಳಿಯ ಮನೆಗಳಿಗೆ ರಸಪ್ರಶ್ನೆಯ ರುಚಿ ಹತ್ತಿಸಿದ ಶ್ರೇಯಸ್ಸು ದೂರದರ್ಶನದ ಚಂದನ ವಾಹಿನಿಯಲ್ಲಿ 2002ರಲ್ಲಿ ಆರಂಭವಾದ ‘ಥಟ್ ಅಂತ ಹೇಳಿ’ ಕಾರ್ಯಕ್ರಮಕ್ಕೆ ಸಲ್ಲಬೇಕು. ವೃತ್ತಿಯಿಂದ ವೈದ್ಯರಾದ ಡಾ. ನಾ. ಸೋಮೇಶ್ವರ ಅವರು ಅದನ್ನು ನಡೆಸಿದ ರೀತಿಯಲ್ಲಿ ಎರಡು ವಿಶೇಷಗಳಿವೆ. ಒಂದು, ಬಹುಮಾನವಾಗಿ ಕೊಡುವುದು ಪುಸ್ತಕವನ್ನು. ಇನ್ನೊಂದು, ಉತ್ತರ ತಪ್ಪಿದವರು ಅಲ್ಲಿ ಅವಮಾನಿತರಾಗುವುದಿಲ್ಲ. ಪ್ರಶ್ನೆ ಕೇಳುವವನ ಸೌಜನ್ಯವೇ ಸ್ಪರ್ಧೆಯ ಸೌಜನ್ಯವನ್ನು ನಿರ್ಧರಿಸುತ್ತದೆ.

ಇಷ್ಟು ಹೊಗಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳದಿದ್ದರೆ ಮಾತು ಒಂದೇ ಮಗ್ಗುಲಿನದಾಗುತ್ತದೆ. ಎಲ್ಲ ಪ್ರಶ್ನೆಗಳೂ ಒಂದೇ ತೂಕದವಲ್ಲ. ಆ ದಿನ ಕೇಳಿದ ಒಂದು ಪ್ರಶ್ನೆ, ಹಾಗ್ವಾರ್ಟ್ಸ್ ಶಾಲೆಯಲ್ಲಿ ಎಷ್ಟು ಮೆಟ್ಟಿಲುಸಾಲುಗಳಿವೆ ಎಂಬುದು. ಉತ್ತರ, 142. ನೆನಪಿದ್ದರೆ ಅಂಕ, ಇಲ್ಲದಿದ್ದರೆ ಇಲ್ಲ, ಅಲ್ಲಿಗೆ ಮುಗಿಯಿತು. ಇನ್ನೊಂದು ಪ್ರಶ್ನೆ, ವಿದ್ಯಾರ್ಥಿಗಳನ್ನು ವಿಂಗಡಿಸುವ ಮಾಯಾಟೋಪಿ ಹ್ಯಾರಿಯನ್ನು ಸ್ಲಿದರಿನ್ ಬಳಗಕ್ಕೆ ಏಕೆ ಸೇರಿಸಲಿಲ್ಲ ಎಂಬುದು. ಅವನು ಬೇಡವೆಂದು ಮನಸ್ಸಿನಲ್ಲೇ ಬೇಡಿಕೊಂಡ, ಟೋಪಿ ಅವನ ಆಯ್ಕೆಯನ್ನು ಮನ್ನಿಸಿತು ಎಂಬುದು ಉತ್ತರ. ಇದೂ ಒಂದು ವಿವರವೇ. ಆದರೆ ಈ ವಿವರದ ಹಿಂದೆ ಇಡೀ ಕಥೆಯ ಜೀವ ಅಡಗಿದೆ. ಒಳ್ಳೆಯ ಪ್ರಶ್ನೆ ಉತ್ತರ ಸಿಕ್ಕ ಮೇಲೂ ನಮ್ಮನ್ನು ಪುಸ್ತಕಕ್ಕೆ ಹಿಂದಿರುಗಿಸುತ್ತದೆ.

ಈ ಭೇದವನ್ನು ನಮ್ಮ ಪೂರ್ವಿಕರು ಚೆನ್ನಾಗಿ ಬಲ್ಲವರಾಗಿದ್ದರು. ಅರಣ್ಯಪರ್ವದ ಯಕ್ಷಪ್ರಶ್ನೆಯ ಪ್ರಸಂಗವನ್ನು ನೆನೆಯಿರಿ. ನಾಲ್ವರು ತಮ್ಮಂದಿರು ಪ್ರಶ್ನೆಯನ್ನು ಲೆಕ್ಕಿಸದೆ ನೀರು ಕುಡಿದು ಬಿದ್ದರು. ಧರ್ಮರಾಯ ನಿಂತು ಒಂದೊಂದಕ್ಕೂ ಉತ್ತರಿಸಿದ. ಕೊನೆಯಲ್ಲಿ, ಒಬ್ಬನನ್ನು ಮಾತ್ರ ಬದುಕಿಸುವೆ, ಯಾರು ಬೇಕು ಎಂದು ಯಕ್ಷ ಕೇಳಿದಾಗ ಅವನು ಭೀಮಾರ್ಜುನರನ್ನು ಬಿಟ್ಟು ನಕುಲನನ್ನು ಕೇಳಿದ. ಕುಂತಿಗೆ ತಾನೊಬ್ಬ ಮಗ ಉಳಿದಿದ್ದೇನೆ, ಮಾದ್ರಿಗೂ ಒಬ್ಬ ಉಳಿಯಲಿ ಎಂಬುದು ಅವನ ಲೆಕ್ಕ. ಅಷ್ಟೂ ಪ್ರಶ್ನೆಗಳಲ್ಲಿ ನಿಜವಾದ ಪರೀಕ್ಷೆ ಅದೊಂದೇ. ಚಂದಮಾಮದ ಬೇತಾಳನ ಕಥೆಗಳೂ ಹೀಗೆಯೇ. 1949ರಿಂದ ಕನ್ನಡದಲ್ಲಿ ಬಂದ ಆ ಪತ್ರಿಕೆ ಈಗ ನಿಂತುಹೋಗಿ ವರ್ಷಗಳಾದವು. ಆದರೆ ಹೆಗಲ ಮೇಲೆ ಶವ ಹೊತ್ತು, ಕತ್ತಿ ಹಿಡಿದು ನಡೆಯುವ ವಿಕ್ರಮನ ಆ ಚಿತ್ರ ನನ್ನ ತಲೆಮಾರಿನವರ ಕಣ್ಣಿನಿಂದ ಮಾಸಿಲ್ಲ. ಬೇತಾಳ ಒಮ್ಮೆಯೂ ಊರಿನ ಹೆಸರನ್ನೋ ಸೈನ್ಯದ ಸಂಖ್ಯೆಯನ್ನೋ ಕೇಳಲಿಲ್ಲ. ಅವನು ಹಾಗೇಕೆ ಮಾಡಿದ, ಇವರಲ್ಲಿ ದೊಡ್ಡವರು ಯಾರು ಎಂದೇ ಕೇಳಿದ. ತಿಳಿದೂ ಹೇಳದಿದ್ದರೆ ತಲೆ ಸಿಡಿಯುವುದೆಂಬ ಬೆದರಿಕೆ ಬೇರೆ! ಕಥೆಯೊಳಗಿನ ಪಂದ್ಯಗಳಲ್ಲಿ ಪಣಕ್ಕಿರುವುದು ಪ್ರಾಣ. ನಮ್ಮ ಪಂದ್ಯಗಳಲ್ಲಿ ಪಣಕ್ಕಿರುವುದು ಒಂದು ಸಂಜೆಯ ಸಂತೋಷ. ಆ ಸಂತೋಷವನ್ನು ಕೆಡಿಸದಂತೆ ನೋಡಿಕೊಳ್ಳುವುದಷ್ಟೇ ನಮ್ಮ ಹೊಣೆ.

ಅದು ಕೆಡುವುದು ಎರಡು ಕಾರಣಗಳಿಂದ. ಮೊದಲನೆಯದು ದುಡ್ಡು. ಸಾವಿರಾರು ರೂಪಾಯಿಯ ಬಹುಮಾನವಿಟ್ಟು, ತರಬೇತಿ ಕೊಟ್ಟು, ಗುಂಡಿ ಒತ್ತುವ ವೇಗಕ್ಕೆ ಅಂಕ ಕೊಟ್ಟ ಸ್ಪರ್ಧೆಗಳನ್ನು ನಾನು ಕಂಡಿದ್ದೇನೆ. ಒಂದು ಕಡೆಯಂತೂ ಮಕ್ಕಳು ಮೂಲ ಪುಸ್ತಕವನ್ನು ಕಣ್ಣಿನಿಂದಲೂ ನೋಡದೆ, ಐನೂರು ಪ್ರಶ್ನೋತ್ತರಗಳ ಕೈಪಿಡಿಯನ್ನು ಉರುಹೊಡೆದು ಬಂದಿದ್ದರು. ಅವರಿಗೆ ಕಥೆಯೇ ಗೊತ್ತಿರಲಿಲ್ಲ. ಎರಡನೆಯದು ಬಿಗುಮಾನ. ರಾಮಾಯಣ ಮಹಾಭಾರತಗಳನ್ನು ಕಥಾಲೋಕವೆಂದು ಕರೆಯುವುದೇ ಕೆಲವರಿಗೆ ನೋವುಂಟುಮಾಡಬಹುದು. ಅವು ಕೋಟ್ಯಂತರ ಜನರ ಶ್ರದ್ಧೆಯ ಗ್ರಂಥಗಳೆಂಬುದನ್ನು ನಾನು ಬಲ್ಲೆ, ಗೌರವಿಸುತ್ತೇನೆ. ಆದರೆ ಹರಿಕಥೆಯ ದಾಸರು ಭಕ್ತಿಯ ನಡುವೆಯೇ ನಗಿಸುತ್ತಿದ್ದರು, ಬಯಲಾಟದ ಸಾರಥಿ ದೇವರನ್ನೂ ಪ್ರಶ್ನೆ ಕೇಳುತ್ತಿದ್ದ. ಪಂಪನೂ ನಾಗಚಂದ್ರನೂ ಬೇರೆ ಕಥೆ ಹೇಳಿದರೆಂದು ಕನ್ನಡ ಅವರನ್ನು ಹೊರಗಿಡಲಿಲ್ಲ. ಒಂದೇ ಪಾಠ ಸರಿ, ಉಳಿದುದೆಲ್ಲ ಅಪಚಾರ ಎನ್ನುವವರ ದನಿ ಏರುತ್ತಿರುವ ಈ ದಿನಗಳಲ್ಲಿ, ಒಂದು ಮೇಜಿನ ಮೇಲೆ ಮೂರು ಭಾರತಗಳನ್ನು ಇಟ್ಟು, ಯಾವುದರ ಪ್ರಕಾರ ಎಂದು ನಗುನಗುತ್ತ ಕೇಳುವ ಮಕ್ಕಳು ನಮಗೆ ಬೇಕಾಗಿದ್ದಾರೆ.

ಅಂಥ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ನನ್ನ ಸೇವಾವಧಿಯಲ್ಲಿ ಶನಿವಾರದ ಕೊನೆಯ ಅವಧಿಯಲ್ಲಿ ಇಂಥ ಸ್ಪರ್ಧೆ ನಡೆಸುವುದು ವಾಡಿಕೆಯಾಗಿತ್ತು. ಒಮ್ಮೆ, ವಿರಾಟನಗರದಲ್ಲಿ ಭೀಮ ಇಟ್ಟುಕೊಂಡ ಹೆಸರೇನು ಎಂದು ಕೇಳಿದೆ. ತರಗತಿಗೆ ಮೊದಲಿಗಳಾದ ಹುಡುಗಿ ಬಲ್ಲವ ಎಂದಳು. ಪರೀಕ್ಷೆಗಳಲ್ಲಿ ಸದಾ ಹಿಂದುಳಿಯುತ್ತಿದ್ದ, ಪಕ್ಕದ ಹಳ್ಳಿಯಿಂದ ನಡೆದು ಬರುತ್ತಿದ್ದ ಒಬ್ಬ ಹುಡುಗ ಹಿಂದಿನ ಬೆಂಚಿನಿಂದ ಎದ್ದು ನಿಂತ. “ಸಾರ್, ನಮ್ಮೂರ ನಾಟಕದಾಗೆ ವಲಲ ಅಂತಾರೆ. ಯಾವುದರ ಪ್ರಕಾರ ಹೇಳ್ಬೇಕು?” ಎಂದು ಕೇಳಿದ. ಅವನ ತಂದೆ ಊರಿನ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದರು. ವ್ಯಾಸಭಾರತದಲ್ಲಿ ಬಲ್ಲವ, ಕುಮಾರವ್ಯಾಸನಲ್ಲಿ ವಲಲ. ಇಬ್ಬರಿಗೂ ಅಂಕ ಕೊಟ್ಟೆ. ಮೊದಲಿಗಳಾದ ಹುಡುಗಿ ಹಿಂದೆ ತಿರುಗಿ ಅವನನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದಳು. ಆ ಹುಡುಗನ ಗಣಿತದ ಅಂಕಗಳೇನೂ ಅದರಿಂದ ಹೆಚ್ಚಲಿಲ್ಲ. ಆದರೆ ಆಮೇಲಿನ ಶನಿವಾರಗಳಲ್ಲಿ ಅವನನ್ನು ತಮ್ಮ ತಂಡಕ್ಕೆ ಸೇರಿಸಿಕೊಳ್ಳಲು ಪೈಪೋಟಿ ನಡೆಯುತ್ತಿತ್ತು. ಅವನು ಒಂದು ಶನಿವಾರವೂ ಶಾಲೆ ತಪ್ಪಿಸಲಿಲ್ಲ.

ಆದ್ದರಿಂದ ನನ್ನದೊಂದು ಸಲಹೆ. ಬರುವ ರಾಜ್ಯೋತ್ಸವದ ತಿಂಗಳಲ್ಲಿ ಕತ್ತಲಗೆರೆಯಂಥ ಊರುಗಳಲ್ಲಿ, ಶಾಲೆಯ ಅಂಗಳದಲ್ಲೋ ಪಂಚಾಯಿತಿ ಗ್ರಂಥಾಲಯದಲ್ಲೋ, ಒಂದು ಕಥಾಲೋಕದ ಮೇಲೆ ಒಂದು ಸಂಜೆಯ ಸ್ಪರ್ಧೆ ನಡೆಯಲಿ. ಯಾವ ಪುಸ್ತಕ ಪ್ರಮಾಣವೆಂಬುದನ್ನು ತಿಂಗಳ ಮುಂಚೆಯೇ ಸಾರಬೇಕು. ಆ ಪುಸ್ತಕ ಎಲ್ಲರ ಕೈಗೆ ಸಿಗುವಂತಿರಬೇಕು, ಸ್ಪರ್ಧೆಯ ಮೇಜಿನ ಮೇಲೂ ಇರಬೇಕು. ತಂಡದಲ್ಲಿ ಒಬ್ಬ ವಿದ್ಯಾರ್ಥಿ, ಒಬ್ಬ ನಡುವಯಸ್ಸಿನವರು, ಒಬ್ಬ ಅಜ್ಜನೋ ಅಜ್ಜಿಯೋ ಇರಲಿ. ಓದು ಬಾರದ ಅಜ್ಜಿ “ನಮ್ಮವ್ವ ಹೇಳಿದ ಪ್ರಕಾರ” ಎಂದು ಬೇರೆ ಉತ್ತರ ಕೊಟ್ಟರೆ ಅದನ್ನೂ ಬರೆದಿಟ್ಟುಕೊಳ್ಳಿ. ಅದು ಯಾವ ಪುಸ್ತಕದಲ್ಲೂ ಇಲ್ಲದ ಪಾಠವಾಗಿರಬಹುದು. ಬಹುಮಾನ ಪುಸ್ತಕವೇ ಆಗಿರಲಿ. ಕೊನೆಯ ಸುತ್ತಿನಲ್ಲಿ ಅಂಕವಿಲ್ಲದ ಒಂದೇ ಪ್ರಶ್ನೆ ಇರಲಿ, ಅದು ‘ಏಕೆ’ ಎಂದು ಆರಂಭವಾಗಲಿ. ಮಕ್ಕಳು ಹ್ಯಾರಿ ಪಾಟರನೇ ಬೇಕೆಂದರೆ ಅದೇ ಆಗಲಿ. ಪುಟ ತಿರುಗಿಸುವ ಅಭ್ಯಾಸ ಒಂದು ಪುಸ್ತಕದಲ್ಲಿ ಬಂದರೆ ಇನ್ನೊಂದಕ್ಕೂ ಬರುತ್ತದೆ.

ಸ್ಪರ್ಧೆಯ ಮಾತಾಡಿ ಪ್ರಶ್ನೆ ಕೇಳದೆ ಬಿಡುವುದು ಮೇಷ್ಟರ ಜಾಯಮಾನವಲ್ಲ. ಓದುಗರಿಗೆ ಮೂರು ಪ್ರಶ್ನೆಗಳು. ಒಂದು, ಅಜ್ಞಾತವಾಸದಲ್ಲಿ ಕುದುರೆಗಳನ್ನು ನೋಡಿಕೊಂಡವನು ಯಾರು? ಎರಡು, ಅಜ್ಞಾತವಾಸದಲ್ಲಿ ಉತ್ತರೆಗೆ ನಾಟ್ಯ ಕಲಿಸಿದವನು ಮುಂದೆ ಅವಳಿಗೆ ಏನಾಗಬೇಕಾಯಿತು? ಮೂರು, ಅಂಕವಿಲ್ಲದ್ದು: ವಿರಾಟ ಅವಳನ್ನು ತನಗೇ ಮದುವೆ ಮಾಡಿಕೊಡಲು ಮುಂದಾದಾಗ ಅರ್ಜುನ ಏಕೆ ಒಪ್ಪಲಿಲ್ಲ? ಉತ್ತರವನ್ನು ಮನೆಯ ಹಿರಿಯರ ಬಳಿ ಕೇಳಿ, ಅಥವಾ ಪುಸ್ತಕ ತೆರೆಯಿರಿ. ಯಾವ ಪುಸ್ತಕದ ಪ್ರಕಾರ ಎಂಬುದನ್ನು ಮಾತ್ರ ಮರೆಯದೆ ಹೇಳಿ.